ಗೊಂಬೆ ಪೆಟ್ಟಿಗೆಯೊಳಗಿನ ಹವೆ

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ಉಳಿಯುವುದು ಇಳಿಸಿ ಕಟ್ಟಿಡುವ ಕೆಲಸ. ಒಂಬತ್ತು ದಿನ ಮೆಟ್ಟಿಲುಗಳ ಮೇಲೆ ಆಸ್ಥಾನ ನಡೆಸಿದ ರಾಜ-ರಾಣಿ, ಅಂಗಡಿ ಹರವಿಕೊಂಡ ಶೆಟ್ಟಿ ದಂಪತಿ, ದಶಾವತಾರದ ಸಾಲು, ಮಕ್ಕಳು ಹೊಂದಿಸಿದ ಉದ್ಯಾನದ ಪ್ಲಾಸ್ಟಿಕ್ ಹಸು-ಕರು ಎಲ್ಲವೂ ಒಂದೊಂದಾಗಿ ಬಟ್ಟೆಯನ್ನೋ ಕಾಗದವನ್ನೋ ಸುತ್ತಿಕೊಂಡು ಟ್ರಂಕಿಗೆ ಸೇರುತ್ತವೆ, ಟ್ರಂಕು ಅಟ್ಟಕ್ಕೆ ಏರುತ್ತದೆ. ಮುಂದಿನ ವರ್ಷದ ಪಾಡ್ಯದವರೆಗೆ ಅದನ್ನು ಕೇಳುವವರಿಲ್ಲ. ವರ್ಷದ 365 ದಿನಗಳಲ್ಲಿ 350ಕ್ಕೂ ಹೆಚ್ಚು ದಿನಗಳನ್ನು ಗೊಂಬೆ ಕಳೆಯುವುದು ಪೆಟ್ಟಿಗೆಯ ಕತ್ತಲೆಯಲ್ಲಿ. ಅಜ್ಜಿಯ ತವರಿನಿಂದ ಬಂದ ಗೊಂಬೆ ಮೊಮ್ಮಗಳ ಕಾಲಕ್ಕೂ ಬಣ್ಣ ಕೆಡದೆ ಉಳಿದಿದ್ದರೆ, ಅದರ ಬಹುಪಾಲು ಶ್ರೇಯಸ್ಸು ಆ ಕತ್ತಲೆಯೊಳಗಿನ ಹವೆಗೆ ಸಲ್ಲಬೇಕು.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಉಬ್ರಾಣಿಯಂಥ ಅಡಿಕೆ ಸೀಮೆಯಲ್ಲಿ ಹಬ್ಬದ ಈ ಕೊನೆಯ ಕೆಲಸ ಕೊಯ್ಲಿನ ಗಡಿಬಿಡಿಯ ನಡುವೆ ಬರುತ್ತದೆ. ಸುಲಿದು, ಚೊಗರಿನಲ್ಲಿ ಬೇಯಿಸಿದ ಅಡಿಕೆ ಕಣದಲ್ಲಿ ಹರವಿರುತ್ತದೆ. ಅಕ್ಟೋಬರಿನ ಮಧ್ಯಾಹ್ನ ಮೋಡ ಕವಿದರೆ ಮನೆಮಂದಿಯೆಲ್ಲ ಟಾರ್ಪಾಲಿನ ಕಡೆಗೆ ಓಡಬೇಕು. ಪೂರ್ತಿ ಒಣಗದ ಅಡಿಕೆಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೆಂಬುದು ಇಲ್ಲಿ ಯಾರಿಗೂ ಹೇಳಿಕೊಡಬೇಕಾದ ಪಾಠವಲ್ಲ: ಮೊದಲು ಬೂಷ್ಟು, ಆಮೇಲೆ ಹುಳ, ಕೊನೆಗೆ ದರದಲ್ಲಿ ಇಳಿತ. ವಿಚಿತ್ರವೆಂದರೆ ಅಡಿಕೆಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ಮನೆಯಲ್ಲೇ ಗೊಂಬೆಯ ಟ್ರಂಕನ್ನು ಮಳೆ ಹನಿಯುತ್ತಿರುವ ಸಂಜೆ ಮುಚ್ಚಿಬಿಡಲಾಗುತ್ತದೆ. ಚೀಲದೊಳಗಿನ ಅಡಿಕೆಗೂ ಟ್ರಂಕಿನೊಳಗಿನ ಮರದ ಗೊಂಬೆಗೂ ಅನ್ವಯಿಸುವ ನಿಯಮ ಒಂದೇ.

ಮರ, ಕಾಗದ, ಹತ್ತಿ, ರೇಷ್ಮೆ, ಹಸಿಮಣ್ಣು ಇವೆಲ್ಲ ತೇವಗ್ರಾಹಿ ವಸ್ತುಗಳು. ಒಣಗಿದಂತೆ ಕಂಡರೂ ಅವುಗಳ ಒಡಲಲ್ಲಿ ಸದಾ ಸ್ವಲ್ಪ ನೀರು ಇದ್ದೇ ಇರುತ್ತದೆ, ಮತ್ತು ಆ ನೀರು ಸುತ್ತಲಿನ ಗಾಳಿಯೊಂದಿಗೆ ನಿರಂತರ ಕೊಡುಕೊಳೆ ನಡೆಸುತ್ತದೆ. ಒಂದು ಉಷ್ಣತೆಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ಆವಿಯಲ್ಲಿ ಎಷ್ಟು ಪಾಲು ನಿಜಕ್ಕೂ ಅದರಲ್ಲಿದೆ ಎಂಬುದನ್ನು ಶೇಕಡಾವಾರು ಹೇಳುವ ಅಳತೆಗೆ ಸಾಪೇಕ್ಷ ಆರ್ದ್ರತೆ ಎಂದು ಹೆಸರು. ಈ ಆರ್ದ್ರತೆ ಶೇ. 40ರ ಹತ್ತಿರ ನಿಂತರೆ ಮರದ ತುಂಡು ತನ್ನ ಒಣತೂಕದ ಶೇ. 8ರಷ್ಟು ನೀರನ್ನು ಇಟ್ಟುಕೊಂಡು ಉಳಿದುದನ್ನು ಬಿಟ್ಟುಕೊಡುತ್ತದೆ, ಶೇ. 65ರಲ್ಲಿ ಶೇ. 12ರಷ್ಟನ್ನು, ಶೇ. 80ರಲ್ಲಿ ಸುಮಾರು ಶೇ. 16ರಷ್ಟನ್ನು ಇಟ್ಟುಕೊಳ್ಳುತ್ತದೆ. ಹೀಗೆ ಗಾಳಿಗೂ ವಸ್ತುವಿಗೂ ಹೊಂದಾಣಿಕೆಯಾಗಿ ನಿಂತ ನೀರಿನ ಪ್ರಮಾಣವೇ ಸಮತೋಲನ ತೇವಾಂಶ. ನೀರು ಬಂದಾಗ ಮರ ಅಡ್ಡಕ್ಕೆ ಹಿಗ್ಗುತ್ತದೆ, ಹೋದಾಗ ಕುಗ್ಗುತ್ತದೆ. ಆದರೆ ಅದರ ಮೇಲಿನ ಬಣ್ಣದ ಪದರ ಅಷ್ಟೇ ಅಳತೆಗೆ ಹಿಗ್ಗಿ ಕುಗ್ಗಲಾರದು. ಗೊಂಬೆಯ ಕೆನ್ನೆಯ ಮೇಲೆ ಮೂಡುವ ಕೂದಲೆಳೆಯ ಬಿರುಕುಗಳ ಮೂಲ ಇಲ್ಲಿದೆ.

ಎಲ್ಲ ಗೊಂಬೆಗಳೂ ಇದಕ್ಕೆ ಒಂದೇ ರೀತಿ ಬಾಗುವುದಿಲ್ಲ. ಸಂಪ್ರದಾಯದ ಪಟ್ಟದ ಗೊಂಬೆಗೆ ಬಳಸುವುದು ರಕ್ತಚಂದನದ ಚೇಗು. ನೀರಿನಲ್ಲಿ ಮುಳುಗುವಷ್ಟು ಭಾರವಾದ, ಗೆದ್ದಲೂ ದೂರವಿಡುವ ಮರವದು. ತವರಿನವರು ಮದುವೆಯಲ್ಲಿ ಮಗಳಿಗೆ ಕೊಟ್ಟ ಜೋಡಿಗೊಂಬೆ ತಲೆಮಾರುಗಳನ್ನು ದಾಟುವುದರಲ್ಲಿ ಆಶ್ಚರ್ಯವಿಲ್ಲ. ಚನ್ನಪಟ್ಟಣದ ಗೊಂಬೆಯ ಕಥೆ ಬೇರೆ. ಅದು ಮೆದುವಾದ, ಬೆಳ್ಳಗಿನ ಆಲೆ ಮರದ್ದು. ತಿರುಗುವ ಗೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಈ ಹೊದಿಕೆ ತೇವದ ಸಂಚಾರವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಇನ್ನೂ ನಾಜೂಕು: ಹಗುರ ಮರದ ತುಂಡುಗಳನ್ನು ಜೋಡಿಸಿ, ಹುಣಸೆಬೀಜದ ಅಂಟು, ಮರದ ಹೊಟ್ಟು ಮುಂತಾದವನ್ನು ಮೆತ್ತಿ ರೂಪ ಕೊಟ್ಟು, ಮೇಲೆ ಬಣ್ಣ ಹಾಕುವ ಪದ್ಧತಿ ಅದು. ಹುಣಸೆಬೀಜದ ಅಂಟು ಕಲೆಗಾರನಿಗೆ ಎಷ್ಟು ಒಗ್ಗುತ್ತದೋ ಕೀಟಗಳಿಗೂ ಅಷ್ಟೇ ಒಗ್ಗುತ್ತದೆ. ಇನ್ನು ಮಣ್ಣಿನ ಗೊಂಬೆ. ಸುಟ್ಟ ಮಣ್ಣು ಹಿಗ್ಗುವುದಿಲ್ಲ, ಆದರೆ ಅದರ ಸೂಕ್ಷ್ಮ ರಂಧ್ರಗಳಲ್ಲಿ ಲವಣಗಳು ಉಳಿದಿರಬಹುದು. ಅಡಿಗೆ ಉಪ್ಪು ಶೇ. 75ರ ಆರ್ದ್ರತೆಯ ಮೇಲೆ ಗಾಳಿಯ ನೀರನ್ನೇ ಹೀರಿ ಕರಗುತ್ತದೆ, ಕೆಳಗಿಳಿದರೆ ಮತ್ತೆ ಹರಳುಗಟ್ಟುತ್ತದೆ. ಬಣ್ಣದ ಅಡಿಯಲ್ಲಿ ಬೆಳೆಯುವ ಪ್ರತಿ ಹರಳೂ ಬಣ್ಣವನ್ನು ಒಂದಿಷ್ಟು ಮೇಲೆತ್ತುತ್ತದೆ. ಹಳೆಯ ಗೊಂಬೆಯ ಬುಡದಲ್ಲಿ ಬಿಳಿ ಪುಡಿಯಂತೆ ಕಾಣುವುದು ಅನೇಕ ವೇಳೆ ಈ ಲವಣವೇ.

ಇಷ್ಟೂ ವಸ್ತುಗಳು ಒಂದೇ ಪೆಟ್ಟಿಗೆಯಲ್ಲಿ ಸೇರಿದಾಗ ಒಳಗೆ ಎಂಥ ಹವೆ ಏರ್ಪಡುತ್ತದೆ? ಸಣ್ಣ ಲೆಕ್ಕವೊಂದು ಇದನ್ನು ಅಚ್ಚರಿಯಾಗುವಷ್ಟು ಸ್ಪಷ್ಟಪಡಿಸುತ್ತದೆ. ನೂರು ಲೀಟರ್ ಗಾತ್ರದ, ಮುಚ್ಚಳ ಚೆನ್ನಾಗಿ ಕೂರುವ ಪೆಟ್ಟಿಗೆಯಲ್ಲಿ ಮರ, ಕಾಗದ, ಬಟ್ಟೆ ಎಲ್ಲ ಸೇರಿ ಆರು ಕಿಲೊ ಇದೆ ಎಂದಿಟ್ಟುಕೊಳ್ಳೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಹೊರಬಲ್ಲ ಗರಿಷ್ಠ ಆವಿ ಸುಮಾರು 23 ಗ್ರಾಂ. ಅಂದರೆ ಶೇ. 80ರ ಆರ್ದ್ರತೆಯ ದಿನ ಮುಚ್ಚಿದ ಪೆಟ್ಟಿಗೆಯ ಗಾಳಿಯಲ್ಲಿರುವ ನೀರು ಎರಡು ಗ್ರಾಮಿಗಿಂತ ಕಡಿಮೆ. ಅದೇ ಆರ್ದ್ರತೆಗೆ ಹೊಂದಿಕೊಂಡ ಆರು ಕಿಲೊ ಸಾಮಾನಿನೊಳಗೆ ಅಡಗಿದ ನೀರು 900 ಗ್ರಾಮಿನ ಆಸುಪಾಸು, ಹೆಚ್ಚುಕಡಿಮೆ ಒಂದು ಲೀಟರ್. ಪೆಟ್ಟಿಗೆಯ ಹವೆಯನ್ನು ಆಳುವುದು ಅದರೊಳಗಿನ ಗಾಳಿಯಲ್ಲ, ಅದರೊಳಗಿನ ಸಾಮಾನು. ಗಾಳಿ ಸ್ವಲ್ಪ ಒಣಗಿತೆಂದರೆ ಗೊಂಬೆ, ಬಟ್ಟೆ, ಕಾಗದ ಕೂಡಲೇ ನೀರು ಬಿಟ್ಟು ಅದನ್ನು ಮೊದಲಿನ ಮಟ್ಟಕ್ಕೆ ತರುತ್ತವೆ, ತೇವವಾಯಿತೆಂದರೆ ಹೀರಿಕೊಳ್ಳುತ್ತವೆ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಮುಚ್ಚಳದ ಸಂದಿಯಿಂದ ಒಳಗಿನ ಗಾಳಿ ದಿನಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ, ಒಳಗೆ ಶೇ. 50ರ ಆರ್ದ್ರತೆಯಿದೆ, ಹೊರಗೆ ಮಳೆಗಾಲದ ಶೇ. 85 ಇದೆ ಎಂದುಕೊಂಡರೆ, ಪ್ರತಿದಿನ ಒಳನುಸುಳುವ ಹೆಚ್ಚುವರಿ ನೀರು ಸುಮಾರು 0.8 ಗ್ರಾಂ. ನಾಲ್ಕು ತಿಂಗಳ ಮಳೆಗಾಲ ಪೂರ್ತಿ ಸುರಿದರೂ ಅದು 96 ಗ್ರಾಮನ್ನು ಮೀರುವುದಿಲ್ಲ. ಆರು ಕಿಲೊ ಸಾಮಾನಿನ ತೇವಾಂಶ ಶೇ. 9ರಿಂದ ಹತ್ತೂವರೆಯ ಸಮೀಪಕ್ಕೆ ಏರಿತು ಅಷ್ಟೆ. ಬೂಷ್ಟು ಬೆಳೆಯಲು ಸಾಮಾನ್ಯವಾಗಿ ಶೇ. 65ರಿಂದ 70ಕ್ಕಿಂತ ಹೆಚ್ಚಿನ ಸಾಪೇಕ್ಷ ಆರ್ದ್ರತೆ ಬೇಕು. ಒಣಗಿದ ಸಾಮಾನಿನಿಂದ ತುಂಬಿ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಹೊರಗೆ ಜಡಿಮಳೆ ಹಿಡಿದಿದ್ದರೂ ಆ ಗೆರೆಯನ್ನು ಮುಟ್ಟದೆ ಮಳೆಗಾಲವನ್ನು ಕಳೆದುಬಿಡುತ್ತದೆ. ಅದೇ ಸಾಮಾನನ್ನು ಬಿದಿರಿನ ಬುಟ್ಟಿಯಲ್ಲೋ ಸಡಿಲವಾದ ಗಂಟಿನಲ್ಲೋ ಇಟ್ಟರೆ ಗಾಳಿ ದಿನಕ್ಕೆ ಹತ್ತಾರು ಬಾರಿ ಬದಲಾಗಿ, ಕೆಲವೇ ವಾರಗಳಲ್ಲಿ ಒಳಗೂ ಹೊರಗೂ ವ್ಯತ್ಯಾಸ ಉಳಿಯುವುದಿಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ತೇವ ಒಳಬರುವುದು ಎಷ್ಟು ನಿಧಾನವೋ ಹೊರಹೋಗುವುದೂ ಅಷ್ಟೇ ನಿಧಾನ. ಶೇ. 80ರ ತೇವದಲ್ಲಿ ಮುಚ್ಚಿದ ಬಿಗಿ ಪೆಟ್ಟಿಗೆ ಹೊರಗಿನ ಲೋಕ ಒಣಗಿ ಬಿಸಿಲೇರಿದ ಮೇಲೂ ತಿಂಗಳುಗಟ್ಟಲೆ ತನ್ನೊಳಗೆ ಅಕ್ಟೋಬರನ್ನೇ ಇಟ್ಟುಕೊಂಡಿರುತ್ತದೆ, ಮತ್ತು ಬೂಷ್ಟಿಗೆ ಅಷ್ಟು ಕಾಲಾವಕಾಶ ಬೇಕಾಗಿಯೇ ಇಲ್ಲ. ಒಳ್ಳೆಯ ಪೆಟ್ಟಿಗೆ ತನ್ನೊಳಗೆ ಸಿಕ್ಕಿದ್ದನ್ನು, ಒಳಿತಾಗಲಿ ಕೆಡುಕಾಗಲಿ, ಕಾಪಾಡುತ್ತದೆ. ಹಾಗಾಗಿ ಯಾವ ಪೆಟ್ಟಿಗೆ ಎಂಬುದಕ್ಕಿಂತ ಯಾವ ದಿನ ಮುಚ್ಚಿದ್ದು ಎಂಬ ಪ್ರಶ್ನೆ ದೊಡ್ಡದು.

ಹಬ್ಬಗಳ ಪಂಚಾಂಗ ಇಲ್ಲಿ ಒಂದು ಕುತೂಹಲದ ಭೇದವನ್ನು ಮಾಡಿದೆ. ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕಟ್ಟಿದ ಗೋದಲಿಯನ್ನು ವಾಡಿಕೆಯಂತೆ ಬಿಚ್ಚುವುದು ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಮೊದಲ ಗೋದಲಿಯನ್ನು ಏರ್ಪಡಿಸಿದರೆಂದು ಪ್ರತೀತಿ. ಅಲ್ಲಿನ ಜನವರಿ ಚಳಿಯದು, ಕರ್ನಾಟಕದ ಒಳನಾಡಿನ ಜನವರಿ ಒಣಗಿದ್ದು. ಮಧ್ಯಾಹ್ನದ ಸಾಪೇಕ್ಷ ಆರ್ದ್ರತೆ ಶೇ. 40ಕ್ಕಿಂತ ಕೆಳಗೆ ಬರುವುದು ಆಗ ಸಾಮಾನ್ಯ. ಹೀಗೆ ಮರಿಯ, ಜೋಸೆಫ್, ಕುರಿಗಾಹಿಗಳು, ಹುಲ್ಲಿನ ಚಾವಣಿ, ಕಾಗದದ ನಕ್ಷತ್ರ ಎಲ್ಲ ಒಣಕಾಲದ ಹವೆಯನ್ನು ತಮ್ಮೊಡನೆ ಕಟ್ಟಿಕೊಂಡು ಪೆಟ್ಟಿಗೆಗೆ ಇಳಿಯುತ್ತವೆ. ಗೋದಲಿಯ ಬೊಂಬೆಗಳಲ್ಲಿ ಹಲವು ಪ್ಲಾಸ್ಟರ್ ಆಫ್ ಪ್ಯಾರಿಸ್‌ನವು. ಈ ವಸ್ತು ನೀರಿನಲ್ಲಿ ಅಲ್ಪವಾಗಿಯಾದರೂ ಕರಗುವಂಥದ್ದಾದ್ದರಿಂದ ಒಣ ಕಾಲದ ಈ ಅನುಕೂಲ ಅವಕ್ಕೆ ತಕ್ಕುದೇ. ದಸರಾ ಗೊಂಬೆಗಳಿಗೆ ಆ ಅದೃಷ್ಟವಿಲ್ಲ. ಅವು ಹೊರಬರುವುದೂ ಒಳಸೇರುವುದೂ ಮುಂಗಾರು ಹಿಂದೆ ಸರಿದು ಹಿಂಗಾರು ಕಾಲಿಡುವ ವಾರಗಳಲ್ಲಿ.

ಹಬ್ಬದ ಆ ಹತ್ತು ದಿನಗಳಲ್ಲಿ ತೇವ ಎಲ್ಲಿಗೆ ಹೋಗುತ್ತದೆ ಎಂಬುದೂ ಗಮನಾರ್ಹ. ಗಟ್ಟಿ ಮರದ ಒಳಭಾಗಕ್ಕೆ ಅದು ತಲುಪಲು ವಾರಗಳು ಬೇಕು. ಕಾಗದ ಮತ್ತು ತೆಳುಬಟ್ಟೆಗೆ ಕೆಲವು ಗಂಟೆ ಸಾಕು. ಗೊಂಬೆಗಳು ಮೆಟ್ಟಿಲ ಮೇಲಿರುವಾಗ ಖಾಲಿ ಟ್ರಂಕಿನಲ್ಲಿ ಮುದುಡಿ ಬಿದ್ದಿದ್ದ ಸುತ್ತುಬಟ್ಟೆ, ಕಾಗದಗಳೇ ಎಲ್ಲಕ್ಕಿಂತ ಹೆಚ್ಚು ನೀರು ಕುಡಿದಿರುತ್ತವೆ, ಮತ್ತೆ ಅವೇ ಗೊಂಬೆಯ ಮೈಗೆ ತಗುಲಿ ಕೂರುತ್ತವೆ. ಒಗೆದು, ಬಿಸಿ ಇಸ್ತ್ರಿ ಹಾಕಿ, ಆರಿದ ಕೂಡಲೇ ಸುತ್ತಿದ ಹಳೆಯ ಹತ್ತಿ ಪಂಚೆಯ ತುಂಡು ತೇವವನ್ನು ತಾನೇ ಹೀರುವ ಸಾಮಗ್ರಿಯಾಗಿ ವರ್ತಿಸುತ್ತದೆ. ಸಿಲಿಕಾ ಜೆಲ್‌ನ ಕೆಲಸವೂ ಇದೇ, ಆದರೆ ಹೆಚ್ಚು ಸಾಮರ್ಥ್ಯದ್ದು: ಅದರ ಒಂದೇ ಗ್ರಾಮಿನೊಳಗಿನ ರಂಧ್ರಗಳ ಮೇಲ್ಮೈಯನ್ನು ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ಚಪ್ಪಲಿ ಡಬ್ಬದಿಂದ ತೆಗೆದು ಜೋಪಾನ ಮಾಡಿದ ಪುಟ್ಟ ಪೊಟ್ಟಣ ಮಾತ್ರ ಟ್ರಂಕಿಗೆ ಬರುವ ಹೊತ್ತಿಗೆ ತನ್ನ ಪಾಲಿನ ನೀರನ್ನು ಕುಡಿದು ಮುಗಿಸಿರುತ್ತದೆ. ಮತ್ತೆ ಕಾಯಿಸದ ಹೊರತು ಅದು ಬರಿಯ ಸಮಾಧಾನ.

ತೇವದ ಹಿಂದೆಯೇ ಬರುವವು ಕೀಟಗಳು. ಅವುಗಳಲ್ಲೂ ಬಹಳಷ್ಟು ತೇವದ ಗುಲಾಮರೇ. ಹಳೆಯ ಪುಸ್ತಕ ಬಿಚ್ಚಿದಾಗ ಸಾಸಿವೆಗಿಂತ ಸಣ್ಣದಾಗಿ ಓಡುವ ಪುಸ್ತಕ ಹೇನು ನೀರು ಕುಡಿಯುವುದು ಗಾಳಿಯಿಂದ, ತನ್ನ ದೇಹದ ಮೂಲಕವೇ. ಆರ್ದ್ರತೆ ಸುಮಾರು ಶೇ. 60ಕ್ಕಿಂತ ಕೆಳಗಿಳಿದು ಹಾಗೇ ನಿಂತರೆ ಅದು ಒಣಗಿ ಸಾಯುತ್ತದೆ. ಕಾಗದದ ಗಂಜಿ, ಅಂಟು ಮೇಯುವ ಬೆಳ್ಳಿಮೀನು ಹುಳಕ್ಕೂ ತೇವದ ಮೂಲೆಯೇ ಬೇಕು. ಆದರೆ ಮರಕ್ಕೆ ಬೀಳುವ ಕುಟ್ಟೆ ಹಠಮಾರಿ. ಅದು ಒಣಮರದಲ್ಲೇ ಬದುಕಬಲ್ಲದು. ಆಲೆ ಮರದಂಥ ಬೆಳ್ಳನೆಯ ಮರದಲ್ಲಿರುವ ಪಿಷ್ಟವೇ ಅದರ ಅನ್ನ. ಗುಂಡುಸೂಜಿಯ ತಲೆಯಷ್ಟು ರಂಧ್ರ, ಕೆಳಗೆ ನುಣ್ಣನೆಯ ಪುಡಿ ಕಂಡಿತೆಂದರೆ ಹುಳ ಆಗಲೇ ಬೆಳೆದು ಹೊರಬಂದಿದೆ ಎಂದರ್ಥ. ಅಂಥ ಒಂದು ಗೊಂಬೆ ಉಳಿದವುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ವರ್ಷ ಕಳೆಯಬಾರದು. ಅಡಿಕೆ ಗೋದಾಮಿನಲ್ಲಿ ಹುಳ ಹಿಡಿದ ಚೀಲವನ್ನು ಬೇರೆ ಮಾಡುವುದು ಇದೇ ಕಾರಣಕ್ಕೆ. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆ, ಕಾಗದ, ಮರದ ವಸ್ತುಗಳನ್ನು ಪಾಲಿಥೀನಿನಲ್ಲಿ ಗಾಳಿಯಾಡದಂತೆ ಕಟ್ಟಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲಿ ಒಂದೆರಡು ವಾರ ಇಟ್ಟು ಕೀಟ, ಮೊಟ್ಟೆ ಎರಡನ್ನೂ ಕೊಲ್ಲುವ ಪದ್ಧತಿಯಿದೆ. ಮನೆಯ ಫ್ರೀಜರಿನಲ್ಲಿ ಸಣ್ಣ ಬಟ್ಟೆಗೊಂಬೆಗಳಿಗೆ ಇದು ಸಾಧ್ಯ, ದಪ್ಪ ಬಣ್ಣ ಬಳಿದ ಮರಕ್ಕೆ ಅಪಾಯಕರ.

ನುಸಿಗುಳಿಗೆಯ ಮೇಲಿನ ನಂಬಿಕೆ ಅದರ ಯೋಗ್ಯತೆಗಿಂತ ದೊಡ್ಡದು. ಕಲ್ಲಿದ್ದಲ ಡಾಂಬರಿನಿಂದ ದೊರೆತ ನ್ಯಾಫ್ತಲೀನ್ ಎಂಬ ಈ ಬಿಳಿ ಹರಳು ಕರಗಿ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಕರ್ಪೂರದಂತೆ ಇದಕ್ಕೂ ಉತ್ಪತನದ ಗುಣವಿದೆ. ಅದರ ರಾಸಾಯನಿಕ ಸಂಯೋಜನೆಯನ್ನು 1826ರಲ್ಲಿ ಗುರುತಿಸಿದವನು ಮೈಕೇಲ್ ಫ್ಯಾರಡೆ. ಆವಿ ದಟ್ಟವಾಗಿ ತುಂಬಿ ನಿಲ್ಲುವಷ್ಟು ಬಿಗಿಯಾದ ಪೆಟ್ಟಿಗೆಯಲ್ಲಿ ಮಾತ್ರ ಅದು ಕೀಟಗಳನ್ನು ಕೊಲ್ಲುತ್ತದೆ. ಸಂದಿಯಿರುವ ಟ್ರಂಕಿನಲ್ಲಿ ಅದು ಕೊಡುವುದು ವಾಸನೆ. ಬೂಷ್ಟಿಗಂತೂ ಅದು ಮದ್ದಲ್ಲ. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು, ಮುಖ್ಯವಾಗಿ ಥರ್ಮೋಕೋಲ್ ಮಾಡಲು ಬಳಸುವ ಪಾಲಿಸ್ಟೈರೀನನ್ನು, ಅದರ ಆವಿ ಮೆತ್ತಗೆ ಮಾಡಿ ಕೆಡಿಸುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯಿರುವ ವಸ್ತುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಸೇರಿಸಿದ್ದು 2002ರಲ್ಲಿ. ಯುರೋಪಿನ ಒಕ್ಕೂಟ 2008ರಲ್ಲಿ ಅದರ ಗುಳಿಗೆಗಳನ್ನು ನಿಷೇಧಿಸಿತು. ರಕ್ತದ ಒಂದು ಕಿಣ್ವದ ವಂಶಾಗತ ಕೊರತೆಯಿರುವ ಎಳೆಮಕ್ಕಳಿಗೆ ಆ ವಾಸನೆ ಹತ್ತಿದ ಬಟ್ಟೆಯೂ ಕೆಂಪು ರಕ್ತಕಣಗಳನ್ನು ಒಡೆಯುವಷ್ಟು ಅಪಾಯಕಾರಿ. ಮಕ್ಕಳೇ ಮುಟ್ಟಿ ಆಡುವ ಗೊಂಬೆಗಳ ನಡುವೆ ಅದಕ್ಕೆ ಜಾಗ ಕೊಡದಿರುವುದೇ ಲೇಸು.

ಹಳಬರು ಹಾಕುತ್ತಿದ್ದ ಬಜೆ, ಲಕ್ಕಿ ಸೊಪ್ಪು, ಬೇವಿನ ಎಲೆಗಳು ಒಂದೇ ತೂಕದವಲ್ಲ. ಬಜೆಯ ಬೇರಿನಲ್ಲಿರುವ ಅಸರೋನ್ ಎಂಬ ತೈಲಾಂಶ ಕೀಟನಾಶಕವೆಂದು ಪ್ರಯೋಗಗಳಲ್ಲಿ ಸಿದ್ಧವಾಗಿದೆ. ಬೇವಿನ ಮುಖ್ಯ ಶಕ್ತಿಯಾದ ಅಜಾಡಿರಾಕ್ಟಿನ್ ಸುಲಭವಾಗಿ ಆವಿಯಾಗುವಂಥದ್ದಲ್ಲ. ಎಲೆಯನ್ನು ಹುಳ ತಿಂದರೆ ಉಂಟು, ಪಕ್ಕದಲ್ಲಿದ್ದರೆ ಅಷ್ಟಕ್ಕಷ್ಟೆ. ಅದಕ್ಕಿಂತ ಮುಖ್ಯವಾಗಿ, ಹಸಿರೆಲೆಯನ್ನು ಬಾಡಿಸದೆ ಹಾಕಿದರೆ ಅದರೊಂದಿಗೆ ಪೆಟ್ಟಿಗೆಯೊಳಗೆ ಹೋಗುವುದು ಮತ್ತಷ್ಟು ನೀರು.

ಸುತ್ತುವ ಕಾಗದದ ಬಗ್ಗೆ ಎರಡು ಮಾತು. ಉಬ್ರಾಣಿಯಿಂದ ಬಹುದೂರವೇನಲ್ಲದ ಭದ್ರಾವತಿಯಲ್ಲಿ 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಮುಂದೆ ಪತ್ರಿಕಾ ಮುದ್ರಣದ ಕಾಗದವನ್ನೂ ತಯಾರಿಸಿತು. ಈ ಭಾಗದ ಎಷ್ಟೋ ಗೊಂಬೆಗಳು ಆ ಕಾಗದದೊಳಗೇ ಮಲಗಿದ್ದಿರಬೇಕು. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಹಾಗೆಯೇ ಉಳಿದಿರುತ್ತದೆ. ಅದು ವರ್ಷ ಕಳೆದಂತೆ ಆಮ್ಲಜನಕದೊಡನೆ ಸೇರಿ ಹಳದಿಯಾಗುವುದಲ್ಲದೆ ಆಮ್ಲವನ್ನೂ ಬಿಡುತ್ತದೆ. ರೇಷ್ಮೆ, ಜರಿ, ತಿಳಿಬಣ್ಣ ಅದರ ನೇರ ಸಂಪರ್ಕದಲ್ಲಿ ಕಂದುತ್ತವೆ. ಜರಿಗೆ ಇನ್ನೊಂದು ಗುಟ್ಟಿನ ಶತ್ರು ರಬ್ಬರ್ ಬ್ಯಾಂಡು. ರಬ್ಬರನ್ನು ಗಟ್ಟಿಮಾಡಲು ಬೆರೆಸಿದ ಗಂಧಕ ಜರಿಯ ಬೆಳ್ಳಿಯೊಡನೆ ಕೂಡಿ ಕಪ್ಪು ಸಲ್ಫೈಡ್ ಆಗುತ್ತದೆ. ಹತ್ತಿಯ ದಾರಕ್ಕೆ ಈ ದೋಷವಿಲ್ಲ.

ಪೂರ್ತಿ ಪ್ಲಾಸ್ಟಿಕ್ಕಿನ ಅಲಂಕಾರಗಳಿಗೆ ತೇವದ ಚಿಂತೆಯಿಲ್ಲವೆಂಬುದು ಅರ್ಧಸತ್ಯ. ನೀರನ್ನು ಹೀರುವ ಯಾವ ವಸ್ತುವೂ ಇಲ್ಲದ ಡಬ್ಬವನ್ನು 28 ಡಿಗ್ರಿಯ ತೇವದ ಮಧ್ಯಾಹ್ನ ಮುಚ್ಚಿದರೆ, ರಾತ್ರಿ ಉಷ್ಣತೆ 20ಕ್ಕಿಳಿದಾಗ ಒಳಗಿನ ಆವಿ ಗೋಡೆಗೆ ಹನಿಗಟ್ಟುತ್ತದೆ. ಹನಿ ಅರ್ಧ ಗ್ರಾಮಿನಷ್ಟಿದ್ದೀತು. ಸೀರಿಯಲ್ ಸೆಟ್ಟಿನ ತಾಮ್ರದ ತುದಿಗೆ, ಮಿಂಚುಕಾಗದದ ಅಲ್ಯೂಮಿನಿಯಂ ಪದರಕ್ಕೆ ಅಷ್ಟು ಸಾಕು. ಒಂದೆರಡು ಹಿಡಿ ಒಣ ಕಾಗದ ಜೊತೆಗಿದ್ದರೆ ಆ ಹನಿ ಮೂಡುವುದೇ ಇಲ್ಲ. ದೀಪದ ಸರಗಳ ಡಬ್ಬಿಯಿಂದ ಬ್ಯಾಟರಿ ಸೆಲ್ಲುಗಳನ್ನು ತೆಗೆದಿಡದೆ ಹೋದರೆ ಮುಂದಿನ ಹಬ್ಬಕ್ಕೆ ಸೋರಿದ ಕ್ಷಾರ ಕಾದಿರುತ್ತದೆ. ಇನ್ನು ಜಾಗ. ತಗಡಿನ ಮಾಡಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಮನೆಯ ಅತ್ಯಂತ ಬಿಸಿ ಮೂಲೆ. ಅರಗು ಕರಗಲು 70 ಡಿಗ್ರಿಯ ಮೇಲೆ ಬೇಕಾದರೂ ಅದಕ್ಕೆ ಬಹಳ ಮೊದಲೇ ಮೆದುವಾಗುತ್ತದೆ. ಒಂದಕ್ಕೊಂದು ಒತ್ತಿಟ್ಟ ಚನ್ನಪಟ್ಟಣದ ಗೊಂಬೆಗಳು ಅಂಟಿಕೊಂಡು, ಬಿಡಿಸುವಾಗ ಬಣ್ಣ ಕಿತ್ತು ಬರುವುದು ಹೀಗೆ. ಒಳಗೋಡೆಯ ಬದಿಯ ಸಜ್ಜೆಯ ಮೇಲೆ ಆ ಬಾಧೆಯಿಲ್ಲ.

ಜಪಾನಿನ ನಾರಾ ನಗರದಲ್ಲಿ ಶೋಸೋಇನ್ ಎಂಬ ಮರದ ಭಂಡಾರವೊಂದಿದೆ. 756ರಲ್ಲಿ ರಾಣಿ ಕೋಮ್ಯೋ ತನ್ನ ಗತಿಸಿದ ಪತಿಯ ವಸ್ತುಗಳನ್ನು ಅಲ್ಲಿನ ದೇಗುಲಕ್ಕೆ ಒಪ್ಪಿಸಿದಂದಿನಿಂದ ಬಂದ ರೇಷ್ಮೆ, ಕಾಗದ, ವಾದ್ಯಗಳು ಇಂದಿಗೂ ಉಳಿದಿವೆ. ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ನಿಂತ ಕಟ್ಟಡಕ್ಕಿಂತ, ವಸ್ತುಗಳನ್ನು ಇಟ್ಟಿದ್ದ ಮರದ ಪೆಟ್ಟಿಗೆಗಳೇ ಒಳಗಿನ ಆರ್ದ್ರತೆಯ ಏರಿಳಿತವನ್ನು ತೀರ ಕಡಿಮೆ ಮಾಡಿದ್ದವೆಂದು ಅಳತೆಗಳು ತೋರಿಸಿವೆ. ಆ ಸಂಗ್ರಹದ ಮುದ್ರೆಯನ್ನು ವಿಧಿವತ್ತಾಗಿ ಒಡೆದು ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ. ಏಕೆಂದರೆ ಅಲ್ಲಿ ಗಾಳಿ ಒಣಗಿರುವ ಕಾಲ ಅದು.

ಉಬ್ರಾಣಿಗೆ ಅಂಥ ಕಾಲ ಸಂಕ್ರಾಂತಿಯ ನಂತರದ್ದು. ಅಡಿಕೆಯ ಕೆಲಸವೂ ಆ ಹೊತ್ತಿಗೆ ಹಗುರವಾಗಿರುತ್ತದೆ. ಅಕ್ಟೋಬರಿನಲ್ಲಿ ಗೊಂಬೆಗಳನ್ನು ಬಿಗಿಯಾಗಿ ಮುಚ್ಚದೆ ಸಡಿಲವಾಗಿ ಕಟ್ಟಿ, ಜನವರಿಯ ಕೊನೆಗೆ ಒಮ್ಮೆ ಹೊರತೆಗೆದು ನೆರಳಿನಲ್ಲಿ ಕೆಲವು ದಿನ ಬಿಟ್ಟು, ಕುಟ್ಟೆಯ ಪುಡಿಗಾಗಿ ಬುಡ ನೋಡಿ, ಒಣಬಟ್ಟೆಯಲ್ಲಿ ಸುತ್ತಿ, ಆಮೇಲೆ ಮುಚ್ಚಳ ಬಿಗಿದರೆ ಮೇಲಿನ ಲೆಕ್ಕ ಪೂರ್ತಿಯಾಗಿ ಗೊಂಬೆಯ ಪರವಾಗುತ್ತದೆ. ನೇರ ಬಿಸಿಲು ಬೇಡ: ಹೊರಮೈ ಒಳಭಾಗಕ್ಕಿಂತ ಬೇಗ ಒಣಗಿ ಮರ ಸೀಳುತ್ತದೆ, ನೇರಳಾತೀತ ಕಿರಣಕ್ಕೆ ರೇಷ್ಮೆಯ ಬಣ್ಣ ಹಾರುತ್ತದೆ. ಅದೇ ಜಿಲ್ಲೆಯ ಜಗಳೂರಿನ ಬಯಲಿನಲ್ಲಿ ಮಳೆ ಕಡಿಮೆ, ಅಲ್ಲಿ ಡಿಸೆಂಬರಿನಲ್ಲೇ ಈ ಕೆಲಸ ಆದೀತು. ಭದ್ರೆಯ ಕಡೆಗಿನ ತೋಟದ ಮನೆಗಳಲ್ಲಿ, ಮರದ ನೆರಳು ಮತ್ತು ನೀರು ಹಾಯಿಸಿದ ನೆಲದ ತಂಪಿನ ನಡುವೆ, ಫೆಬ್ರವರಿಯ ಬಿಸಿಲೇರುವವರೆಗೆ ಕಾಯುವುದು ಮೇಲು.